ಗುಂಡಿಯ ಆಚೆಗೆ ಹೋಗಬೇಕಾಗಿದ್ದ ಡಬ್ಬ

ನಮ್ಮ ಅತ್ತೆಗೆ ಕ್ಯಾಲೆಂಡರ್ ಬೇಕಾಗಿಲ್ಲ. ಬೆಳಗ್ಗೆ ಕಾಫಿ ಮುಗಿಸಿ ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತರೆ, ಯಾವ ಇಲಾಖೆಯವರು ರಸ್ತೆಗೆ ಬಂದರು ಎನ್ನುವುದನ್ನು ನೋಡಿ ಇವತ್ತು ಯಾವ ವಾರ ಎಂದು ಹೇಳಿಬಿಡುತ್ತಾರೆ. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ವಾಲ್ವ್ ತಿರುಗಿಸುವವನು ಬಂದರೆ ಸೋಮವಾರ, ಕಾವೇರಿ ನೀರು ಬರುತ್ತದೆ ಎಂದು ಅರ್ಥ. ಒಣಕಸದ ಆಟೋ ಹಾಡು ಹಾಕಿಕೊಂಡು ಬಂದರೆ ಬುಧವಾರ. ಸೊಳ್ಳೆಗೆ ಹೊಗೆ ಹಾಕುವವನು ಬಂದರೆ ಗುರುವಾರ. ಅವನು ಬರುವ ಸದ್ದು ಕೇಳಿದ ಕೂಡಲೇ ರಸ್ತೆಯ ಸೊಳ್ಳೆಗಳೆಲ್ಲ ನಮ್ಮ ಮನೆಯೊಳಗೆ ಬಂದು ಕೂತು, ಅವನು ಆಚೆ ತಿರುವಿಗೆ ಹೋದ ಮೇಲೆ ವಾಪಸ್ ಹೊರಡುತ್ತವೆ. ಕೊಂಬೆ ಕಡಿಯುವವರು ಶುಕ್ರವಾರ ಕಡಿಯುತ್ತಾರೆ. ಕಡಿದ ಕೊಂಬೆಯನ್ನು ಎತ್ತುವವರು ಯಾವ ವಾರ ಬರುತ್ತಾರೆ ಎನ್ನುವುದು ಅತ್ತೆಗೂ ಈವರೆಗೆ ಗೊತ್ತಾಗಿಲ್ಲ.

ನಾನು ಮದುವೆಯಾಗಿ ಬನಶಂಕರಿಯ ಈ ಮನೆಗೆ ಬಂದಾಗ ರಸ್ತೆಯಿಂದ ಮೆಟ್ಟಿಲು ಹತ್ತಿ ಗೇಟಿಗೆ ಬರಬೇಕಿತ್ತು. ಪ್ರತಿ ಚುನಾವಣೆಗೂ ಒಂದೊಂದು ಪದರ ಡಾಂಬರು ಬಿದ್ದು, ಈಗ ರಸ್ತೆಯಿಂದ ಮನೆಗೆ ಇಳಿದು ಬರಬೇಕು. "ಮನೆ ಇದ್ದ ಹಾಗೇ ಇದೆ, ರೋಡ್ ಬೆಳೀತಾ ಇದೆ. ನನ್ನ ಮೊಮ್ಮಕ್ಕಳಿಗಿಂತ ಚೆನ್ನಾಗಿ ಬೆಳೆದಿದೆ" ಎನ್ನುತ್ತಾರೆ ಅತ್ತೆ. ಡಾಂಬರು ಬಿದ್ದ ಮಾರನೆಯ ವಾರ ಯಾರಾದರೂ ಬಂದು ಅದನ್ನು ಅಗೆಯುವುದು ನಮ್ಮಲ್ಲಿ ಸಂಪ್ರದಾಯ. ನೀರಿನವರು, ಒಳಚರಂಡಿಯವರು, ಕರೆಂಟಿನವರು, ಕೇಬಲ್ಲಿನವರು ಎಲ್ಲರೂ ಒಂದೇ ರಸ್ತೆಯಲ್ಲಿ ಕೆಲಸ ಮಾಡುತ್ತಾರೆ, ಆದರೆ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನನಗೆ ಇದೆಲ್ಲ ನೋಡಿದರೆ ಮೈ ಉರಿಯುತ್ತದೆ. ಅತ್ತೆಗೆ ಮಾತ್ರ ಇದರಷ್ಟು ಒಳ್ಳೆಯ ಕಾಲಕ್ಷೇಪ ಬೇರೆ ಇಲ್ಲ. ಬಂದವರನ್ನೆಲ್ಲ ನಿಲ್ಲಿಸಿ ಊರು ಯಾವುದು, ಮಕ್ಕಳೆಷ್ಟು, ಊಟವಾಯಿತಾ ಎಂದು ವಿಚಾರಿಸಿದ ಮೇಲೆಯೇ ಅಗೆಯಲು ಬಿಡುತ್ತಾರೆ.

ಈ ಕಾಲಕ್ಷೇಪದಲ್ಲಿ ಅವರಿಗೆ ಒಬ್ಬರು ಜೊತೆಗಾರ್ತಿ ಇದ್ದರು. ಎದುರುಮನೆಯ ಅಜ್ಜಿ. ಈ ಬಡಾವಣೆ ಆಗುವ ಮುಂಚೆ ಇಲ್ಲಿದ್ದದ್ದೆಲ್ಲ ಅವರ ಮಾವನ ರಾಗಿ ಹೊಲ. ಹೊಲ ಹೋಗಿ ಸೈಟುಗಳಾದವು. ಉಳಿದ ಜಾಗದಲ್ಲಿ ಅವರು ಮನೆ ಕಟ್ಟಿ, ಮೇಲೆ ಎರಡು ಮಹಡಿ ಬಾಡಿಗೆಗೆ ಬಿಟ್ಟರು. ಬಾಡಿಗೆ ಎಷ್ಟೇ ಬಂದರೂ ಅಜ್ಜಿ ಮಾತ್ರ ಬೆಳಗ್ಗೆ ಎದ್ದು ಬಾಗಿಲಿಗೆ ಸಗಣಿ ನೀರು ಹಾಕುವುದನ್ನು ಬಿಟ್ಟವರಲ್ಲ. ಬೆಂಗಳೂರಿನಲ್ಲಿ ಸಗಣಿ ಎಲ್ಲಿಂದ ತರುತ್ತಾರೆ ಎಂದು ಬಾಡಿಗೆಯವರೆಲ್ಲ ಆಶ್ಚರ್ಯಪಡುತ್ತಿದ್ದರು. ನಮ್ಮ ಅತ್ತೆ ಮೇಷ್ಟರ ಮಗಳು, ಗುಮಾಸ್ತರ ಹೆಂಡತಿ. ಇಬ್ಬರಿಗೂ ಯಾವ ವಿಷಯದಲ್ಲೂ ಹೊಂದಿಕೆಯಿಲ್ಲ. ಆದರೂ ಸಂಜೆಯಾದರೆ ಒಬ್ಬರು ರಸ್ತೆ ದಾಟಿ ಇನ್ನೊಬ್ಬರ ಜಗುಲಿಯ ಮೇಲೆ ಇರಲೇಬೇಕು.

ಇಬ್ಬರ ನಡುವೆ ಒಂದು ಸ್ಟೀಲ್ ಡಬ್ಬ ಓಡಾಡುತ್ತಿತ್ತು. ಅದು ಮೂಲತಃ ಯಾರದು ಎಂದು ಇಬ್ಬರಿಗೂ ಮರೆತುಹೋಗಿತ್ತು. ಮುಚ್ಚಳದ ಮೇಲೆ ಯಾರದೋ ಮದುವೆಯ ನೆನಪಿಗೆ ಹೆಸರು ಕೊರೆಸಿದ್ದರು. ಉಜ್ಜಿ ಉಜ್ಜಿ ಅದು ಸವೆದು ಈಗ ಒಂದು ಗೆರೆ ಮಾತ್ರ ಉಳಿದಿದೆ. ಅಜ್ಜಿ ಅದರಲ್ಲಿ ಬಸ್ಸಾರು ಕಳಿಸಿದರೆ, ಅತ್ತೆ ಪುಳಿಯೋಗರೆ ತುಂಬಿ ವಾಪಸ್ ಕೊಡುತ್ತಿದ್ದರು. ಅವರು ಹುಚ್ಚೆಳ್ಳಿನ ಚಟ್ನಿ ಕೊಟ್ಟರೆ ಇವರು ಚಕ್ಕುಲಿ. ಬೇರೆಯವರ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎನ್ನುವುದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಆದರೆ ಇವರಿಬ್ಬರಲ್ಲಿ ಅದು ಪದ್ಧತಿ ದಾಟಿ ಪಂದ್ಯವಾಗಿತ್ತು. ಡಬ್ಬ ಯಾರ ಮನೆಯಲ್ಲಿ ಇದೆಯೋ ಅವರ ಸರದಿ. ಸರದಿ ಇದ್ದವರಿಗೆ ಸಮಾಧಾನ ಇರುತ್ತಿರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ಸಂಜೆ ಅಜ್ಜಿ ಬಂದು, ಜಗುಲಿಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ವಿಷಯ ಹೇಳಿದರು. ಹಳೆಯ ಮನೆಯನ್ನು ಬಿಲ್ಡರಿಗೆ ಕೊಟ್ಟಾಗಿದೆ, ಅಂಜನಾಪುರದಲ್ಲಿ ಮಗ ಮನೆ ಕಟ್ಟಿಸಿದ್ದಾನೆ, ವಿಜಯದಶಮಿಯ ದಿನ ಅಲ್ಲಿಗೆ ಹೋಗುವುದು.

"ಒಳ್ಳೇದಾಯ್ತು ಬಿಡು. ಹೊಸ ಮನೆ" ಎಂದರು ಅತ್ತೆ.

"ಊಂ ಕಣಕ್ಕ. ಲಿಫ್ಟು ಐತಂತೆ" ಎಂದರು ಅಜ್ಜಿ.

ಆಮೇಲೆ ಇಬ್ಬರೂ ಒಣಕಸದ ಆಟೋದವನ ವಿಷಯ ಮಾತಾಡಿದರು. ಅತ್ತೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಜಗುಲಿಯಿಂದ ಏಳುವ ಮುಂಚೆ ಅಜ್ಜಿ ಬಸ್ಸಾರು ತುಂಬಿದ ಡಬ್ಬವನ್ನು ಕೊಟ್ಟು ಹೋಗಿದ್ದರು. ಅಂದರೆ ಈಗ ಸರದಿ ಅತ್ತೆಯದು. ಅದೇ ಕೊನೆಯ ಸರದಿ. ದಶಮಿಯ ಹೊತ್ತಿಗೆ ಒಬ್ಬಟ್ಟು ಮಾಡಿ, ಡಬ್ಬ ತುಂಬಿಸಿ, ತಾವೇ ಹೋಗಿ ಅಜ್ಜಿಯ ಕೈಗೆ ಕೊಟ್ಟು ಕಳಿಸಿಕೊಡಬೇಕು ಎಂದು ಅತ್ತೆ ತೀರ್ಮಾನಿಸಿದರು.

ಆಗ ನೀರಿನವರು ಬಂದರು. ಮಹಾಲಯ ಅಮಾವಾಸ್ಯೆಯ ಹಿಂದೆಮುಂದೆ ಒಂದು ಜೆಸಿಬಿ ನಮ್ಮ ರಸ್ತೆಗೆ ಇಳಿದು, ಉದ್ದಕ್ಕೂ ನಟ್ಟನಡುವೆ ಗುಂಡಿ ತೋಡಿತು. ಹೊಸ ಪೈಪ್ ಹಾಕುತ್ತಾರಂತೆ. "ಎಷ್ಟು ದಿನಪ್ಪಾ?" ಎಂದು ಅತ್ತೆ ಕೇಳಿದ್ದಕ್ಕೆ, ಬಿಳಿ ಹೆಲ್ಮೆಟ್ಟಿನ ಇಂಜಿನಿಯರ್ ಸ್ಕೂಟರಿನಿಂದ ಇಳಿಯದೆಯೇ "ಎರಡೇ ದಿನ ಅಮ್ಮಾ" ಎಂದ. ಗುಂಡಿ ತೋಡಿ ಆದ ಮೇಲೆ ಗೊತ್ತಾಯಿತು, ಪೈಪ್ ಇನ್ನೂ ಬಂದಿಲ್ಲ ಎಂದು. ಗೋಡೌನಿನಲ್ಲಿ ಇದೆಯಂತೆ. ಗೋಡೌನಿನ ಕೀಲಿ ರಜದ ಮೇಲಿದೆಯಂತೆ. ಕೆಲಸದವರು 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಬೋರ್ಡನ್ನು ನಿಲ್ಲಿಸಿ, ಗುಂಡಿಯ ಪಕ್ಕದಲ್ಲಿ ಟಾರ್ಪಾಲಿನ್ ಕಟ್ಟಿಕೊಂಡು ಚೌಕಾಬಾರ ಆಡುತ್ತಾ ಕೂತರು.

ನಮ್ಮಂಥವರು ಗುಂಡಿಗೆ ಅಡ್ಡ ಹಾಕಿದ್ದ ಸೆಂಟ್ರಿಂಗ್ ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಆಚೆ ಈಚೆ ಹೋಗುತ್ತಿದ್ದೆವು. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುತ್ತಿದ್ದ ಕಾಲ. ಅಜ್ಜಿಗೆ ಕಣ್ಣಿನ ಪೊರೆ, ಹಲಗೆ ನೋಡಿದರೆ ತಲೆ ಸುತ್ತುತ್ತಿತ್ತು. ನಮ್ಮ ಬದಿಯಲ್ಲಿ ರಸ್ತೆಯ ಒಂದು ತುದಿಗೆ ಮಣ್ಣಿನ ಗುಡ್ಡೆ, ಇನ್ನೊಂದು ತುದಿಗೆ ಫುಟ್‌ಪಾತಿನಿಂದ ಕಿತ್ತ ಕಲ್ಲು ಚಪ್ಪಡಿಗಳ ಗುಡ್ಡೆ. ಆಟೋ ಬರುವ ಹಾಗಿರಲಿಲ್ಲ, ವಾಕರ್ ಹಿಡಿದು ಸುತ್ತಿ ಹೋಗುವ ಹಾಗೂ ಇರಲಿಲ್ಲ. ಹೀಗಾಗಿ ಇಬ್ಬರೂ ತಮ್ಮ ತಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು, ಗುಂಡಿಯ ಮೇಲಿಂದ ಕೂಗಿಕೊಂಡು ಮಾತಾಡತೊಡಗಿದರು.

"ಏನೇ, ಇವತ್ತೇನು ಸಾರು?"

"ಮೊಳಕೆಕಾಳು ಕಣಕ್ಕಾ! ನಿಮ್ದು?"

"ಮಜ್ಜಿಗೆ ಹುಳಿ! ಇವಳು ಮಾಡಿದ್ದು! ಉಪ್ಪು ಜಾಸ್ತಿ!"

ನನ್ನ ಹುಳಿಯ ಉಪ್ಪು ಹೀಗೆ ಇಡೀ ರಸ್ತೆಗೆ ತಿಳಿಯಿತು. ಚೌಕಾಬಾರ ಆಡುವವರೂ ತಲೆ ಎತ್ತಿ ನನ್ನನ್ನು ಕನಿಕರದಿಂದ ನೋಡಿದರು.

ಫೋನ್ ಮಾಡಿ ಮಾತಾಡಿ ಎಂದು ನಾನು ಹೇಳಿದೆ. "ಎದುರುಗಡೆ ಕಾಣಿಸ್ತಾ ಇರೋರಿಗೆ ಯಾರಾದ್ರೂ ಫೋನ್ ಮಾಡ್ತಾರೇನೇ?" ಎಂದು ಬೈಸಿಕೊಂಡೆ. ಒಂದು ಸಂಜೆ ಕೂಗಾಟ ಮುಗಿಸಿ ಒಳಗೆ ಬಂದು, ಕಾಲು ನೀಡಿಕೊಂಡು ಕೂತು, ಅತ್ತೆ ತಾವಾಗಿಯೇ ಅಂದರು: "ಕೂಗಿ ಹೇಳೋ ಮಾತೆಲ್ಲ ಮುಗೀತು. ಇನ್ನು ಉಳಿದಿರೋದು ಕೂಗೋಕೆ ಆಗಲ್ಲ."

ನನ್ನ ಗಂಡ ಬ್ಯಾಂಕಿನಿಂದ ನಿವೃತ್ತರಾದವರು, ವ್ಯವಸ್ಥೆಯ ಮೇಲೆ ಅಪಾರ ನಂಬಿಕೆ ಉಳ್ಳವರು. ಮೊಬೈಲಿನ ಆ್ಯಪ್‌ನಲ್ಲಿ ಗುಂಡಿಯ ಫೋಟೋ ಸಮೇತ ದೂರು ಕೊಟ್ಟರು. ಮಾರನೆಯ ದಿನವೇ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂದು ಉತ್ತರ ಬಂತು, ಜೊತೆಗೆ ನುಣುಪಾದ ರಸ್ತೆಯ ಫೋಟೋ. ಅದರಲ್ಲಿ ತೆಂಗಿನ ಮರಗಳಿದ್ದವು. ನಮ್ಮ ರಸ್ತೆಯಲ್ಲಿ ತೆಂಗಿನ ಮರವೇ ಇಲ್ಲ. "ಎಲ್ಲೋ ಒಂದು ಕಡೆ ಪರಿಹಾರ ಆಗಿದೆಯಲ್ಲ" ಎಂದು ಅವರು ಅದಕ್ಕೂ ಐದು ಸ್ಟಾರ್ ಕೊಟ್ಟರು. ಕೊನೆಗೆ "ನಾನೇ ಎತ್ಕೊಂಡು ದಾಟಿಸ್ತೀನಮ್ಮಾ" ಎಂದು ತೋಳು ಮಡಿಚಿ ನಿಂತರು. ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿ, "ಸಿಲಿಂಡರ್ ಎತ್ತಿದ್ರೆ ಅರ್ಧ ಗಂಟೆ ಏದುಸಿರು ಬಿಡ್ತೀಯ. ನಾನೇನು ಮೂಟೇನಾ?" ಎಂದರು.

ಡಬ್ಬವನ್ನು ನಾನೇ ಕೊಟ್ಟು ಬರುತ್ತೇನೆ ಎಂದೂ ಹೇಳಿದೆ. ಅವರು ಡಬ್ಬ ಮುಟ್ಟಲು ಬಿಡಲಿಲ್ಲ. ಡಬ್ಬ ತೊಳೆದು, ಒರೆಸಿ, ದೇವರ ಮನೆಯ ಮೂಲೆಯಲ್ಲಿ ಬೋರಲು ಇಟ್ಟಿದ್ದರು. ಆ ವರ್ಷ ನವರಾತ್ರಿಗೆ ಬೊಂಬೆ ಕೂರಿಸಿದಾಗ, ಅರಮನೆ, ಮದುವೆ ಮೆರವಣಿಗೆ, ಕಿರಾಣಿ ಅಂಗಡಿಯ ಶೆಟ್ಟರ ಪಕ್ಕದಲ್ಲಿ ಮೊಮ್ಮಗನ ಹಳೆಯ ಆಟದ ಜೆಸಿಬಿಯನ್ನೂ ನಿಲ್ಲಿಸಿದರು. ಪ್ರತಿ ವರ್ಷ ಬೊಂಬೆ ನೋಡಲು ಮೊದಲು ಬರುತ್ತಿದ್ದವರು ಅಜ್ಜಿ. ಈ ಸಲ ಅವರು ಗೇಟಿನಿಂದಲೇ "ಸಂದಾಗಿ ಕೂರಿಸಿದ್ದೀರಾ ಅಕ್ಕಾ?" ಎಂದು ಕೇಳಿದರು. "ಊಂ ಕಣೇ" ಎಂದು ಅತ್ತೆ ಕೂಗಿದರು.

ಆಯುಧಪೂಜೆಯ ದಿನ ಕೆಲಸದವರಿಗೆ ಹುರುಪು ಬಂತು. ಇಷ್ಟು ದಿನ ಮಣ್ಣು ಮೆತ್ತಿಕೊಂಡು ನಿಂತಿದ್ದ ಜೆಸಿಬಿಯನ್ನು ನಮ್ಮ ನಲ್ಲಿಯ ನೀರಿನಲ್ಲೇ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಬಕೆಟ್ಟಿನ ಹಲ್ಲು ಹಲ್ಲಿಗೂ ವಿಭೂತಿ ಬಳಿದರು. ಗುದ್ದಲಿ ಪಿಕಾಸಿಗಳೆಲ್ಲ ಸಾಲಾಗಿ ಮಲಗಿ ಕುಂಕುಮ ಇಡಿಸಿಕೊಂಡವು. ಮೇಸ್ತ್ರಿ ನಮ್ಮ ಗೇಟಿಗೆ ಬಂದು, "ಅಮ್ಮಾ, ರೋಡಿಗೆ ನೀವೇ ಹಿರೇರು. ಮಂಗಳಾರತಿ ನೀವೇ ಎತ್ತಬೇಕು" ಎಂದ. ಅತ್ತೆಗೆ ಬಹಳ ಖುಷಿಯಾಯಿತು. ವಾಕರ್ ಹಿಡಿದು ಗೇಟಿನಾಚೆ ಬಂದು, ತಮ್ಮ ಶತ್ರುವಿಗೆ ತಾವೇ ಭಕ್ತಿಯಿಂದ ಆರತಿ ಎತ್ತಿದರು. ಬೂದುಗುಂಬಳಕಾಯಿ ಒಡೆದದ್ದಾಯಿತು, ಎಲ್ಲರಿಗೂ ಪುರಿ ಕಡಲೆ ಹಂಚಿದ್ದಾಯಿತು. ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲವಲ್ಲ. "ಇನ್ನು ನಾಳೆ ಬೆಳಗ್ಗೆ ಗಾಡಿ ಮುಟ್ಟೋದು ಅಮ್ಮಾ" ಎಂದು ಹೇಳಿ ಎಲ್ಲರೂ ಹೊರಟುಹೋದರು. ಅಜ್ಜಿಯ ಲಾರಿ ಬರುವುದೂ ನಾಳೆ ಬೆಳಗ್ಗೆಯೇ.

ವಿಜಯದಶಮಿಯ ದಿನ ಅತ್ತೆ ನಮಗಿಂತ ಮುಂಚೆ ಎದ್ದು ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಒಬ್ಬಟ್ಟು ತಟ್ಟಿದರು. ನಾನು ಬೇಯಿಸಲು ಹೋದರೆ ಸಟ್ಟುಗ ಕೊಡಲಿಲ್ಲ. ಡಬ್ಬ ತುಂಬಿ, ತುಪ್ಪ ಹಾಕಿ, ಮುಚ್ಚಳ ಒತ್ತಿ, ಒಳ್ಳೆಯ ಸೀರೆ ಉಟ್ಟು, ವಾಕರಿಗೆ ಡಬ್ಬವನ್ನು ಚೀಲದಲ್ಲಿ ನೇತುಹಾಕಿಕೊಂಡು ಗೇಟಿಗೆ ಬಂದು ನಿಂತರು. ಎದುರು ಮೂಲೆಯ ಅಡ್ಡರಸ್ತೆಯಲ್ಲಿ ಲಾರಿ ನಿಂತಿತ್ತು. ಬೀರು, ಮಂಚ, ಒರಳು ಕಲ್ಲು ಎಲ್ಲ ಹೋಗುತ್ತಿದ್ದವು. ಅಜ್ಜಿಯ ಮಗ ರಾಹುಕಾಲ ಬರುತ್ತದೆ, ಬೇಗ ಬೇಗ ಎಂದು ಕೂಲಿಯವರನ್ನು ಗದರಿಸುತ್ತಿದ್ದ.

ಅಷ್ಟರಲ್ಲಿ ಜೆಸಿಬಿಯ ಆಪರೇಟರ್ ಮತ್ತು ಮೇಸ್ತ್ರಿ ಬಂದರು. ಪೂಜೆಯಾದ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ, ಶಾಸ್ತ್ರಕ್ಕೆ ಒಂದು ಬಕೆಟ್ ಮಣ್ಣು ತೆಗೆದು ಹೋಗುವುದು ಅವರ ಉದ್ದೇಶ. ನಿಂಬೆಹಣ್ಣು ಪಚಕ್ ಎಂದಿತು. ಆಪರೇಟರ್ ಬಕೆಟ್ ಎತ್ತಿದ. ಅತ್ತೆ ವಾಕರಿನ ಒಂದು ಕಾಲನ್ನು ಗೇಟಿಗೆ ಬಡಿದು ಕೂಗಿದರು. "ಏಯ್, ನಿಲ್ಸಪ್ಪಾ! ದಶಮಿ ದಿನ ಏನು ಶುರು ಮಾಡ್ತೀರೋ ವರ್ಷವೆಲ್ಲ ಅದೇ ಮಾಡ್ತಾ ಇರ್ತೀರ. ಇವತ್ತು ಅಗೆದ್ರೆ ವರ್ಷ ಪೂರ್ತಿ ಅಗೀತಾ ಇರ್ತೀಯ ನೋಡು!"

ಆಪರೇಟರ್ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನಕ್ಕ. "ಅಮ್ಮಾ, ನಾವು ಅಗೆಯೋರೇ. ಮುಚ್ಚೋದು ಬೇರೆ ಡಿಪಾರ್ಟ್‌ಮೆಂಟು."

"ಮುಚ್ಚು ಅಂತ ಯಾರಪ್ಪಾ ಹೇಳಿದ್ರು? ಅಲ್ಲಿ ಚಪ್ಪಡಿ ಬಿದ್ದಿದೆಯಲ್ಲ, ಎರಡು ಎತ್ತಿ ಅಡ್ಡ ಹಾಕು. ನಾನು ಆಚೆ ಹೋಗಬೇಕು."

"ಇಂಜಿನಿಯರ್ ಸಾಹೇಬ್ರು ಹೇಳ್ದೆ ಚಪ್ಪಡಿ ಮುಟ್ಟೋ ಹಾಗಿಲ್ಲಮ್ಮಾ."

"ನಿನ್ನೆ ಈ ಗಾಡಿಗೆ ಆರತಿ ಎತ್ತಿದ್ಯಾರು? ನಾನಾ, ನಿಮ್ಮ ಇಂಜಿನಿಯರ್ರಾ?"

ಮೇಸ್ತ್ರಿ ತಲೆ ಕೆರೆದುಕೊಂಡ. ಆಮೇಲೆ ಚಪ್ಪಡಿಗೆ ಬಿಗಿಯುವ ಚೈನ್ ತರಲು ಟಾರ್ಪಾಲಿನ್ ಒಳಗೆ ಹೋದ. ಬಾಳೆಕಂದು ಅಲ್ಲಾಡಿಸಿಕೊಂಡು ಜೆಸಿಬಿ ಚಪ್ಪಡಿಗಳ ಗುಡ್ಡೆಗೆ ಹೋಯಿತು. ಒಂದು ಚಪ್ಪಡಿ ಎತ್ತಿ ತಂದಿತು, ಇನ್ನೊಂದನ್ನು ತಂದಿತು. ನಮ್ಮ ಗೇಟಿನ ನೇರಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟು, ಆಪರೇಟರ್ ಇಳಿದು ಬಂದು ತಾನೇ ಮೇಲೆ ನಿಂತು ಕುಣಿದು ನೋಡಿದ. ಮಹಡಿ ಮಹಡಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ನನ್ನ ಗಂಡ ಅದರ ಫೋಟೋ ತೆಗೆದರು, ಬಹುಶಃ ಆ್ಯಪಿಗೆ.

ಅತ್ತೆ ದಾಟಿದರು. ಮುಂದೆ ಆಪರೇಟರ್ ಹಿಂದುಹಿಂದಕ್ಕೆ ನಡೆಯುತ್ತಾ ಕೈ ಚಾಚಿದ್ದ, ಹಿಂದೆ ನಾನು. ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ಆಚೆ ಬದಿಯಲ್ಲಿ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಚಪ್ಪಡಿಯ ತುದಿಗೆ ಬಂದ ಕೂಡಲೇ ಅತ್ತೆಯ ರಟ್ಟೆ ಹಿಡಿದುಕೊಂಡು, "ಬಂದ್ಬುಟ್ರಾ!" ಎಂದರು.

ಕಟ್ಟಿಟ್ಟ ಹಾಸಿಗೆ ಸುರುಳಿಗಳ ನಡುವೆ ಜಗುಲಿಯ ಮೇಲೆ ಇಬ್ಬರೂ ಕೂತರು. ನಾನು ಕಂಬಕ್ಕೆ ಒರಗಿ ನಿಂತೆ. ಕೂಗಲಾಗದ ಆ ಮಾತು ಏನಿರಬಹುದು ಎಂದು ನನಗೂ ಕುತೂಹಲವಿತ್ತು. ಅಜ್ಜಿ ಒಬ್ಬಟ್ಟು ಮುರಿದು ಬಾಯಿಗೆ ಹಾಕಿಕೊಂಡು, "ಬೆಲ್ಲ ವಸಿ ಕಮ್ಮಿ ಆಯ್ತು" ಎಂದರು. "ನಿನಗೆ ಶುಗರ್ ಅಲ್ವೇನೇ, ಅದಕ್ಕೇ ಕಮ್ಮಿ ಹಾಕಿದ್ದು" ಎಂದರು ಅತ್ತೆ. ಅಜ್ಜಿ ಇನ್ನೊಂದು ತುಂಡು ಮುರಿದುಕೊಂಡರು. ಆಮೇಲೆ ಅತ್ತೆ, ನನಗೆ ಕೇಳಿಸುವುದೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ನೀನು ಹೋದ್ರೆ ನಂಗೆ ಇಲ್ಲಿ ಯಾರೂ ಇಲ್ಲ ಕಣೇ" ಎಂದರು.

ನನಗೆ ಕೇಳಿಸಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಹುಳಿ ಮಾಡಿ ಬಡಿಸಿದವಳು ನಾನು ಲೆಕ್ಕಕ್ಕೇ ಇಲ್ಲವೇ ಎಂದು ಒಂದು ಕ್ಷಣ ಚುರುಕ್ ಎಂದಿತು. ಆದರೆ ನಿಜ ಹೇಳಬೇಕೆಂದರೆ, ನನಗೂ ಹಾಗೆ ಹೇಳಿಕೊಳ್ಳಬಹುದಾದ ಒಬ್ಬ ಗೆಳತಿ ಇದ್ದಾಳೆ, ಅವಳಿಗೆ ನಾನು ಹೇಳುವುದೂ ಅದನ್ನೇ. ಮುಖವನ್ನು ಲಾರಿಯ ಕಡೆ ತಿರುಗಿಸಿಕೊಂಡೆ.

"ಅಮ್ಮೋ, ಟೈಮಾಯ್ತು" ಎಂದು ಮಗ ಕೂಗಿದ. ಅಜ್ಜಿ ಎದ್ದು ಡಬ್ಬ ತೆಗೆದುಕೊಂಡು ಒಳಗೆ ಹೋದರು. ಒಳಗೆ ಏನೂ ಉಳಿದಿರಲಿಲ್ಲ. ಅಡುಗೆಮನೆಯ ಶೆಲ್ಫುಗಳು ಬೋಳಾಗಿದ್ದವು. ಅವರು ಕಟ್ಟಿಟ್ಟಿದ್ದ ಒಂದು ಮೂಟೆಯ ಬಾಯಿ ಬಿಚ್ಚುವುದು, ಅವರ ಸೊಸೆ "ಈಗ ಯಾಕತ್ತೆ ಅದನ್ನ ಬಿಚ್ತೀರಾ" ಎಂದು ರೇಗುವುದು ಕೇಳಿಸಿತು. ಹೊರಗೆ ಬಂದವರೇ ಡಬ್ಬವನ್ನು ಅತ್ತೆಯ ತೊಡೆಯ ಮೇಲೆ ಇಟ್ಟರು. ಒಬ್ಬಟ್ಟಿದ್ದ ಜಾಗದಲ್ಲಿ ಈಗ ತುಂಬಾ ರಾಗಿ ಹಿಟ್ಟು. ಮುಚ್ಚಳದ ಸುತ್ತ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

ಅತ್ತೆ ಡಬ್ಬ ನೋಡಿದರು, ಅಜ್ಜಿಯನ್ನು ನೋಡಿದರು. "ಲೇ, ಕೊನೇ ಸಲ ಅಂತ ಕೊಟ್ಟು ಮುಗಿಸೋಣ ಅಂತ ಬಂದ್ರೆ..."

"ಮುಗ್ಸಕೆ ನಿಮ್ಮನ್ಯಾರು ಬುಟ್ರು? ಈಗ ಸರದಿ ನಿಮ್ದು" ಎಂದು ಹೇಳಿ ಅಜ್ಜಿ ಲಾರಿಯ ಕಡೆ ನಡೆದರು. ತಿರುಗಿ ನೋಡಲಿಲ್ಲ. ಅತ್ತೆ ಬಹಳ ಹೊತ್ತು ಡಬ್ಬವನ್ನು ತಬ್ಬಿಕೊಂಡು ಆ ಖಾಲಿ ಜಗುಲಿಯ ಮೇಲೆ ಕೂತಿದ್ದರು, ಸೀರೆಯೆಲ್ಲ ರಾಗಿ ಹಿಟ್ಟು.

ಪೈಪ್ ಬಂತು. ಗುಂಡಿ ಮುಚ್ಚಿದರು. ಮಾರನೆಯ ವಾರ ಕೇಬಲ್ಲಿನವರು ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋದರು. ಅತ್ತೆ ಯಾವುದನ್ನೂ ಮೊದಲಿನ ಉತ್ಸಾಹದಿಂದ ವಿಚಾರಿಸಲಿಲ್ಲ. ಡಬ್ಬ ಮನೆಯಲ್ಲಿತ್ತು, ಅವರಿಗೆ ಸಮಾಧಾನ ಇರಲಿಲ್ಲ. ದೀಪಾವಳಿಗೆ ಮುಂಚೆ ಒಂದು ಭಾನುವಾರ ಕೋಡುಬಳೆ ಕರಿದು, ಡಬ್ಬ ತುಂಬಿಸಿ, "ಆಟೋ ಹೇಳು" ಎಂದು ನನಗೆ ಆಜ್ಞೆ ಮಾಡಿದರು.

ಕನಕಪುರ ರಸ್ತೆಯ ಟ್ರಾಫಿಕ್ ದಾಟಿ ಅಂಜನಾಪುರ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಆಟೋದವನು ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ, "ಮುಂದೆ ಹೋಗಲ್ಲ ಮೇಡಂ, ರೋಡ್ ಅಗ್ದವ್ರೆ" ಎಂದ. ನಾನು ತಲೆ ಹೊರಗೆ ಹಾಕಿ ನೋಡಿದೆ. ರಸ್ತೆಯ ಉದ್ದಕ್ಕೂ ನಟ್ಟನಡುವೆ ಗುಂಡಿ, ಪಕ್ಕದಲ್ಲಿ ಟಾರ್ಪಾಲಿನ್, ಅದೇ ಬೋರ್ಡು. ಗುಂಡಿಯ ಆಚೆ, ಹೊಸ ಮನೆಯ ಗೇಟಿನಲ್ಲಿ, ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆಯೇ ನೋಡುತ್ತಿದ್ದರು. ನನಗೆ ಅಳು ಬಂದಂತಾಯಿತು. ಅತ್ತೆ ಡಬ್ಬವನ್ನು ಮಡಿಲಿಗೆ ಎಳೆದುಕೊಂಡು, ಆಟೋದಿಂದ ಒಂದು ಕಾಲು ಕೆಳಗಿಟ್ಟು, ಕತ್ತು ಚಾಚಿ ರಸ್ತೆಯ ಎರಡೂ ತುದಿಗಳನ್ನು ನೋಡಿದರು.

"ಚಪ್ಪಡಿ ಎಲ್ಲಿ ಹಾಕಿದ್ದಾರೆ, ಮೊದಲು ಅದನ್ನ ನೋಡು" ಎಂದರು.